ಕಾಲಲ್ಲಿ ಕಂಡದ್ದು, ಕರುಳಲ್ಲಿ ಇದ್ದದ್ದು

ಪೋಲಿಯೋ ಅಂದ ಕೂಡಲೇ ನಮ್ಮ ಕಣ್ಣ ಮುಂದೆ ಬರುವುದು ಒಂದು ಕಾಲು. ಸಣ್ಣಗಾದ ಕಾಲು, ಅದಕ್ಕೆ ಕಟ್ಟಿದ ಕ್ಯಾಲಿಪರ್, ಕಂಕುಳಲ್ಲಿ ಊರುಗೋಲು, ಇಲ್ಲವೇ ಕೈಯಲ್ಲಿ ಪೆಡಲ್ ತಿರುಗಿಸುವ ಮೂರು ಚಕ್ರದ ಗಾಡಿ. ಹೆಚ್ಚುಕಮ್ಮಿ ಎಲ್ಲರ ಊರಲ್ಲೂ ಇಂಥ ಒಬ್ಬರಾದರೂ ಇದ್ದಾರೆ. ಜೆರಾಕ್ಸ್ ಅಂಗಡಿ ನಡೆಸುವವರು, ಹೊಲಿಗೆ ಮಷೀನ್ ಇಟ್ಟುಕೊಂಡವರು, ಶಾಲೆಯಲ್ಲಿ ಮೇಷ್ಟ್ರಾದವರು. ಅವರನ್ನು ನೋಡಿ ನಾವೆಲ್ಲ ಪೋಲಿಯೋ ಅಂದ್ರೆ ಕಾಲಿನ ಕಾಯಿಲೆ ಅಂದುಕೊಂಡು ಬೆಳೆದವರು. ಸ್ವಲ್ಪ ಓದಿಕೊಂಡ ಮೇಲೆ, ಓ, ಇದು ನರದ ಕಾಯಿಲೆ ಅಂತ ತಿದ್ದಿಕೊಂಡೆವು.

ಎರಡೂ ಪೂರ್ತಿ ಸರಿಯಲ್ಲ. ಪೋಲಿಯೋ ಮುಖ್ಯವಾಗಿ ಕರುಳಿನ ಸೋಂಕು. ವೈರಸ್ ಬಾಯಿಂದ ಒಳಗೆ ಹೋಗುತ್ತೆ, ಗಂಟಲು ಮತ್ತು ಕರುಳಲ್ಲಿ ಬೆಳೆಯುತ್ತೆ, ಮಲದಲ್ಲಿ ಹೊರಗೆ ಬರುತ್ತೆ. ಸೋಂಕು ತಗುಲಿದ 100 ಮಕ್ಕಳಲ್ಲಿ ಸುಮಾರು 70 ಮಕ್ಕಳಿಗೆ ಏನೂ ಆಗೋದಿಲ್ಲ. ಇನ್ನು ಸುಮಾರು 25 ಮಕ್ಕಳಿಗೆ ಒಂದೆರಡು ದಿನ ಜ್ವರ, ಗಂಟಲು ನೋವು, ಹೊಟ್ಟೆ ಕೆಡುವುದು, ಅಷ್ಟೇ. ಕೈಕಾಲು ಸೋಲುವುದು ಅಂದಾಜು 200ಕ್ಕೆ ಒಂದು ಮಗುವಿಗೆ. ಅಂದರೆ ನಾವು ಯಾವುದನ್ನು 'ಪೋಲಿಯೋ' ಅಂತ ಕರೀತೀವೋ ಆ ಲಕ್ವ, ಒಂದು ಸಾಧಾರಣ ಹೊಟ್ಟೆ ವೈರಸ್ಸಿನಿಂದ ಅಪರೂಪಕ್ಕೆ ಆಗುವ ತೊಡಕು.

ಈಗ ಓದಿದರೆ ಇಷ್ಟೇನಾ ಅನ್ನಿಸುತ್ತೆ. ಆದರೆ ಇದನ್ನು ಒಪ್ಪಿಕೊಳ್ಳಲು ವೈದ್ಯಲೋಕಕ್ಕೆ ಏಳೆಂಟು ದಶಕ ಹಿಡಿಯಿತು. ದಡ್ಡರಿದ್ದರು ಅಂತ ಅಲ್ಲ, ಆ ಕಾಲದ ಅತಿ ಬುದ್ಧಿವಂತರೇ ಇದರಲ್ಲಿ ಕೆಲಸ ಮಾಡಿದ್ದು. ಹಾಗಿದ್ದರೆ ಯಾಕೆ ತಡವಾಯ್ತು? ಅದಕ್ಕೆ ಉತ್ತರ ಹುಡುಕಬೇಕಾದ್ರೆ ಜಗತ್ತಿಗೇ ನರವಿಜ್ಞಾನ ಕಲಿಸಿದ ಒಂದು ಪಾಠಶಾಲೆಗೆ ಹೋಗಬೇಕು.

ಆ ಪಾಠಶಾಲೆ ಪ್ಯಾರಿಸ್ಸಿನ ಸಾಲ್ಪೆಟ್ರಿಯೇರ್ ಆಸ್ಪತ್ರೆ. ಹೆಸರಿನ ಮೂಲ ಪೆಟ್ಲುಪ್ಪು. ಅಲ್ಲಿ ಹಿಂದೆ ಕೋವಿಮದ್ದಿನ ಕೆಲಸ ನಡೆಯುತ್ತಿತ್ತು. 17ನೇ ಶತಮಾನದಲ್ಲಿ ಹದಿನಾಲ್ಕನೇ ಲೂಯಿಯ ಕಾಲದಲ್ಲಿ ಅದು ಬಡ ಹೆಂಗಸರನ್ನು ತಂದು ಇಡುವ ಜಾಗ ಆಯಿತು. ವಯಸ್ಸಾದವರು, ಭಿಕ್ಷೆ ಬೇಡುವವರು, ಮೂರ್ಛೆ ಬರುವವರು, ಬುದ್ಧಿ ಸ್ವಾಧೀನ ಇಲ್ಲದವರು, ಮನೆಯವರು ಕೈಬಿಟ್ಟವರು. 1862ರಲ್ಲಿ ಜಾನ್ ಮಾರ್ಟಿನ್ ಶಾರ್ಕೋ ಅಲ್ಲಿಗೆ ವೈದ್ಯನಾಗಿ ಬಂದಾಗ ಹತ್ತಿರ ಹತ್ತಿರ 5,000 ಹೆಂಗಸರು ಅಲ್ಲಿದ್ದರು. ಬೇರೆ ವೈದ್ಯರಿಗೆ ಅದು ಶಿಕ್ಷೆಯ ಪೋಸ್ಟಿಂಗ್. ಶಾರ್ಕೋಗೆ ಅದೊಂದು ಗಣಿ.

ಅವನ ವಿಧಾನ ಸರಳ. ರೋಗಿ ಬದುಕಿರುವಾಗ ಚೆನ್ನಾಗಿ ನೋಡು. ಕೈ ಹೇಗೆ ನಡುಗುತ್ತೆ, ಯಾವಾಗ ನಡುಗುತ್ತೆ, ಯಾವ ಸ್ನಾಯು ಸಣ್ಣಗಾಗಿದೆ, ಯಾವುದು ಬಿಗಿಯಾಗಿದೆ, ಎಲ್ಲ ಬರೆದಿಡು. ವರ್ಷಗಟ್ಟಲೆ ಬರೆದಿಡು. ರೋಗಿ ತೀರಿಕೊಂಡ ಮೇಲೆ ಶವಪರೀಕ್ಷೆ ಮಾಡಿ ಮೆದುಳು, ಬೆನ್ನುಹುರಿಯನ್ನು ಮೈಕ್ರೋಸ್ಕೋಪಿನಲ್ಲಿ ನೋಡು. ಹೊರಗೆ ಕಂಡದ್ದಕ್ಕೂ ಒಳಗೆ ಹಾಳಾದದ್ದಕ್ಕೂ ತಾಳೆ ಹಾಕು. ಬೇರೆ ಆಸ್ಪತ್ರೆಯಲ್ಲಿ ರೋಗಿ ವಾರ ಇದ್ದು ಮನೆಗೆ ಹೋಗುತ್ತಿದ್ದ. ಇಲ್ಲಿ ರೋಗಿಗಳಿಗೆ ಹೋಗಲು ಮನೆಯೇ ಇರಲಿಲ್ಲ. ಹಾಗಾಗಿ ಈ ತಾಳೆ ಹಾಕುವ ಕೆಲಸ ಇಲ್ಲಿ ಸಾಧ್ಯವಾಯಿತು. ನರವಿಜ್ಞಾನ ಅನ್ನುವ ಶಾಸ್ತ್ರ ನಿಂತಿರುವುದು ಹೀಗೆ ದಿಕ್ಕಿಲ್ಲದ ಹೆಂಗಸರ ಮೈಮೇಲೆ. ಅವರಲ್ಲಿ ಹೆಚ್ಚಿನವರ ಹೆಸರು ಯಾವ ಪಠ್ಯಪುಸ್ತಕದಲ್ಲೂ ಇಲ್ಲ.

1882ರಲ್ಲಿ ಫ್ರೆಂಚ್ ಸರ್ಕಾರ ಶಾರ್ಕೋಗಾಗಿಯೇ ನರರೋಗಗಳ ಪ್ರೊಫೆಸರ್ ಹುದ್ದೆ ಸೃಷ್ಟಿಸಿತು. ಅಷ್ಟು ಹೊತ್ತಿಗೆ ಅವನ ಪಾಠ ಕೇಳಲು ಜಗತ್ತಿನ ಮೂಲೆ ಮೂಲೆಯಿಂದ ವೈದ್ಯರು ಬರುತ್ತಿದ್ದರು. ಶುಕ್ರವಾರ ತಯಾರಿ ಮಾಡಿಕೊಂಡ ದೊಡ್ಡ ಉಪನ್ಯಾಸ. ಮಂಗಳವಾರ ಬೇರೆ ಥರ. ಮೊದಲು ನೋಡಿರದ ರೋಗಿಯನ್ನು ಎಲ್ಲರ ಮುಂದೆ ಕೂರಿಸಿಕೊಂಡು, ಪ್ರಶ್ನೆ ಕೇಳುತ್ತಾ, ಬಾಯಿಬಿಟ್ಟು ಯೋಚಿಸುತ್ತಾ ರೋಗ ಯಾವುದೆಂದು ಹೇಳುವುದು. ಲಾಂದ್ರದ ಬೆಳಕಲ್ಲಿ ಗೋಡೆ ಮೇಲೆ ಚಿತ್ರಗಳು, ಫೋಟೋಗಳು. ಒಂದು ನಡುಕಕ್ಕೂ ಇನ್ನೊಂದು ನಡುಕಕ್ಕೂ ವ್ಯತ್ಯಾಸ ಹಿಂದಿನ ಬೆಂಚಿನವರಿಗೂ ಕಾಣಲಿ ಅಂತ ರೋಗಿಗಳ ತಲೆಗೆ ಉದ್ದ ಗರಿ ಸಿಕ್ಕಿಸುತ್ತಿದ್ದನಂತೆ! ಗರಿ ಕುಣಿಯುವ ರೀತಿಯಲ್ಲೇ ರೋಗ ಬೇರೆ ಬೇರೆ ಅಂತ ಗೊತ್ತಾಗುತ್ತಿತ್ತು. ಭಾಷೆ ಅಷ್ಟಾಗಿ ಬಾರದ ಹೊರದೇಶದವರಿಗೂ ಇದು ಅರ್ಥ ಆಗುವಂಥ ಪಾಠ.

ಯಾರ್ಯಾರು ಬಂದಿದ್ದರು ನೋಡಿ. ವಿಯೆನ್ನಾದಿಂದ 1885ರ ಅಕ್ಟೋಬರಿನಲ್ಲಿ ಪ್ರವಾಸ ವೇತನ ಪಡೆದು ಬಂದ 29ರ ಹುಡುಗ ಸಿಗ್ಮಂಡ್ ಫ್ರಾಯ್ಡ್. ಬಂದದ್ದು ಮಕ್ಕಳ ಮೆದುಳನ್ನು ಮೈಕ್ರೋಸ್ಕೋಪಿನಲ್ಲಿ ನೋಡಲು, ನಾಲ್ಕೂವರೆ ತಿಂಗಳು ಬಿಟ್ಟು ಹೋದದ್ದು ಮನಸ್ಸಿನ ಕಡೆ ತಿರುಗಿಕೊಂಡು. ಶಾರ್ಕೋನ ಉಪನ್ಯಾಸಗಳನ್ನು ಜರ್ಮನ್ನಿಗೆ ಅನುವಾದಿಸಿದ, ಮಗನಿಗೆ ಗುರುವಿನ ಹೆಸರನ್ನೇ ಇಟ್ಟ. ರಷ್ಯಾದಿಂದ ಬೆಖ್ತೆರೆವ್. ರೊಮೇನಿಯಾದಿಂದ ಮರಿನೆಸ್ಕು, ಈತ ಊರಿಗೆ ಹೋಗಿ 1898ರಲ್ಲಿ, ಸಿನಿಮಾ ಹುಟ್ಟಿ ಮೂರೇ ವರ್ಷಕ್ಕೆ, ರೋಗಿಗಳು ನಡೆಯುವ ರೀತಿಯನ್ನು ಫಿಲ್ಮಿನಲ್ಲಿ ಹಿಡಿದ. ಜಪಾನಿನಿಂದ ಮಿಉರಾ ಕಿನ್ನೊಸುಕೆ. ಮುಂದೆ 1902ರಲ್ಲಿ ಜಪಾನಿನ ನರವಿಜ್ಞಾನ ಸಂಘ ಕಟ್ಟಿದವರಲ್ಲಿ ಒಬ್ಬ. ಪೋಲೆಂಡಿನಿಂದ ವಲಸೆ ಬಂದವರ ಮಗ ಬಾಬಿನ್ಸ್ಕಿ. ಅಂಗಾಲು ಗೀರಿ ಹೆಬ್ಬೆರಳು ಯಾವ ಕಡೆ ಹೋಗುತ್ತೆ ಅಂತ ಇವತ್ತಿಗೂ ಡಾಕ್ಟರುಗಳು ನೋಡುವುದು ಅವನ ಹೆಸರಿನ ಪರೀಕ್ಷೆ. ಇವರೆಲ್ಲ ತಂತಮ್ಮ ಊರಿಗೆ ಹೋಗಿ ಅದೇ ವಿಧಾನವನ್ನು ತಮ್ಮ ಶಿಷ್ಯರಿಗೆ ಕಲಿಸಿದರು.

ಈಗ ಪೋಲಿಯೋಗೆ ಬರೋಣ. ಆಗ ಅದಕ್ಕೆ ಇದ್ದ ಹೆಸರು 'ಮಕ್ಕಳ ಲಕ್ವ'. ಜರ್ಮನಿಯಲ್ಲಿ ಯಾಕೋಬ್ ಹೈನೆ ಅನ್ನುವ ಮೂಳೆ ವೈದ್ಯ 1840ರಲ್ಲೇ ಇದರ ಬಗ್ಗೆ ಪುಸ್ತಕ ಬರೆದು, ತೊಂದರೆ ಬೆನ್ನುಹುರಿಯಲ್ಲಿ ಇರಬೇಕು ಅಂತ ಊಹಿಸಿದ್ದ. ಊಹೆ ಸರಿ ಅಂತ ತೋರಿಸಿದ್ದು ಸಾಲ್ಪೆಟ್ರಿಯೇರ್. 1860ರ ದಶಕದಲ್ಲಿ ಕೋರ್ನಿಲ್, ಆಮೇಲೆ ಪ್ರೆವೋ ಮತ್ತು ವುಲ್ಪಿಯಾ ಅಲ್ಲಿನ ರೋಗಿಗಳಲ್ಲಿ ಕುರುಹು ಕಂಡರು. 1870ರಲ್ಲಿ ಶಾರ್ಕೋ ಮತ್ತು ಅವನ ಶಿಷ್ಯ ಜೋಫ್ರುವಾ, ಬಾಲ್ಯದಲ್ಲಿ ಈ ಲಕ್ವ ಆಗಿ ಎಷ್ಟೋ ವರ್ಷದ ಮೇಲೆ ತೀರಿಕೊಂಡ ಒಬ್ಬ ಹೆಂಗಸಿನ ಬೆನ್ನುಹುರಿಯನ್ನು ಸೀಳಿ ನೋಡಿ, ಹಾಳಾದ ಜಾಗ ಇದೇ ಅಂತ ಬೆರಳಿಟ್ಟು ತೋರಿಸಿದರು.

ಬೆನ್ನುಹುರಿಯನ್ನು ಸೌತೆಕಾಯಿ ಹಾಗೆ ಅಡ್ಡಕ್ಕೆ ಕತ್ತರಿಸಿದರೆ ನಡುವೆ ಚಿಟ್ಟೆಯ ಆಕಾರದ ಬೂದು ಭಾಗ ಕಾಣುತ್ತೆ. ಆ ಚಿಟ್ಟೆಯ ಮುಂದಿನ ಎರಡು ರೆಕ್ಕೆಗಳಲ್ಲಿ ಸ್ನಾಯುಗಳಿಗೆ ಆಜ್ಞೆ ಕಳಿಸುವ ನರಕೋಶಗಳಿವೆ. ಮಕ್ಕಳ ಲಕ್ವದಲ್ಲಿ ಸತ್ತು ಹೋಗಿದ್ದದ್ದು ಇವೇ ಕೋಶಗಳು. ಸ್ಪರ್ಶದ ದಾರಿ ಬೇರೆ, ಅದು ಹಾಳಾಗಿಲ್ಲ. ಅದಕ್ಕೇ ಪೋಲಿಯೋ ಆದವರಿಗೆ ಕಾಲು ಎತ್ತಲು ಬರದಿದ್ದರೂ ಸೊಳ್ಳೆ ಕಚ್ಚಿದರೆ ಗೊತ್ತಾಗುತ್ತೆ. ಎಷ್ಟು ಚೆನ್ನಾಗಿ ತಾಳೆಯಾಗುತ್ತೆ ನೋಡಿ! 1874ರಲ್ಲಿ ಜರ್ಮನಿಯ ಕುಸ್‌ಮೌಲ್ ಇದಕ್ಕೆ 'ಪೋಲಿಯೋಮೈಲಿಟಿಸ್' ಅಂತ ಹೆಸರಿಟ್ಟ. ಗ್ರೀಕಿನಲ್ಲಿ 'ಪೋಲಿಯೋಸ್' ಅಂದ್ರೆ ಬೂದು ಬಣ್ಣ, 'ಮೈಲೋಸ್' ಅಂದ್ರೆ ಹುರಿಯ ಒಳಗಿನ ಮಜ್ಜೆ. ಬೂದು ಮಜ್ಜೆಯ ಉರಿಯೂತ. ಹೀಗೆ 200ರಲ್ಲಿ ಒಬ್ಬರಿಗೆ ಆಗುವ ತೊಡಕೇ ಇಡೀ ರೋಗದ ಹೆಸರಾಗಿ ಕೂತಿತು. ಎರಡು ಹನಿ ಹಾಕುವ ಆಶಾ ಕಾರ್ಯಕರ್ತೆಯರ ಬಾಯಲ್ಲಿ ಇವತ್ತು ಇರುವುದೂ ಆ ಬೂದು ಬಣ್ಣವೇ.

ನಾವು ಸಾಫ್ಟ್‌ವೇರಿನವರಿಗೆ ಈ ಕಥೆ ಚೆನ್ನಾಗಿ ಅರ್ಥ ಆಗುತ್ತೆ. ಎರರ್ ಮೆಸೇಜು ಒಂದು ಮಾಡ್ಯೂಲಿನಿಂದ ಬರುತ್ತೆ, ಲೈನ್ ನಂಬರ್ ಸಮೇತ. ಟೀಮೆಲ್ಲ ಆ ಲೈನನ್ನೇ ದಿಟ್ಟಿಸುತ್ತಾ ಕೂರುತ್ತೆ. ಕೆಟ್ಟ ಡೇಟಾ ಒಳಗೆ ಬಂದದ್ದು ಎಲ್ಲೋ ನಾಲ್ಕು ಹೆಜ್ಜೆ ಹಿಂದೆ. ಶಾರ್ಕೋ ಲೈನ್ ನಂಬರ್ ಕರಾರುವಾಕ್ಕಾಗಿ ಹೇಳಿದ. ಆದರೆ ಯಾಕೆ ಹಾಳಾಯ್ತು ಅಂದರೆ ಆ ಪಾಠಶಾಲೆಯ ಉತ್ತರ ಬೇರೆ ಇತ್ತು. ನರರೋಗಗಳಿಗೆಲ್ಲ ಮೂಲ ಕಾರಣ ವಂಶಪಾರಂಪರ್ಯ, ಕೆಲವು ಮನೆತನಗಳ ನರವೇ ದುರ್ಬಲ, ಉಳಿದದ್ದೆಲ್ಲ ನೆಪ ಅಂತ ಶಾರ್ಕೋ ನಂಬಿದ್ದ. ಅವನ ಪ್ರಿಯ ಶಿಷ್ಯ ಪಿಯರ್ ಮಾರಿ 1880ರ ದಶಕದಲ್ಲಿ, ಇಲ್ಲ, ಕೆಲವು ನರರೋಗಗಳ ಹಿಂದೆ ಸೋಂಕು ಇದೆ ಅಂತ ವಾದ ಮಾಡಿದ. ಇದೇ ಊರಲ್ಲಿ ಪಾಶ್ಚರ್ ಹುಚ್ಚುನಾಯಿ ರೋಗಕ್ಕೆ ಲಸಿಕೆ ಕೊಟ್ಟದ್ದು 1885ರಲ್ಲಿ. ಆದರೂ ಗುರುವಿನ ನೋಟ ಅಷ್ಟು ಸುಲಭಕ್ಕೆ ಬದಲಾಗಲಿಲ್ಲ.

ಬದಲಾದದ್ದು ಬೇರೆ ಕಡೆ, ಸ್ವೀಡನ್ನಿನಲ್ಲಿ. 1887ರಲ್ಲಿ ಸ್ಟಾಕ್‌ಹೋಮ್‌ನಲ್ಲಿ ಒಂದೇ ವರ್ಷ 44 ಮಕ್ಕಳಿಗೆ ಲಕ್ವ ಹೊಡೆಯಿತು. ಮಕ್ಕಳ ವೈದ್ಯ ಕಾರ್ಲ್ ಆಸ್ಕರ್ ಮೆದಿನ್ ಗಮನಿಸಿದ ಸಂಗತಿ ಏನಂದರೆ, ಲಕ್ವಕ್ಕೆ ಮೊದಲು ಪ್ರತಿ ಮಗುವಿಗೂ ಜ್ವರ ಬಂದು ಹೋಗಿದೆ. ಒಂದಷ್ಟು ದಿನ ಆರಾಮ, ಆಮೇಲೆ ಮತ್ತೆ ಜ್ವರ, ಆಮೇಲೆ ಕಾಲು. 1890ರಲ್ಲಿ ಬರ್ಲಿನ್ನಿನ ಅಂತರರಾಷ್ಟ್ರೀಯ ವೈದ್ಯ ಸಮ್ಮೇಳನದಲ್ಲಿ ಇದನ್ನು ಹೇಳಿದ. ಇದು ಇಡೀ ಮೈಗೆ ಬರುವ ಸೋಂಕು, ನರಕ್ಕೆ ಹೋಗುವುದು ಎರಡನೇ ಹೆಜ್ಜೆ ಅನ್ನುವ ಸುಳಿವು ಅಲ್ಲೇ ಇತ್ತು.

ಮೆದಿನ್‌ನ ಶಿಷ್ಯ ಇವಾರ್ ವಿಕ್‌ಮನ್. ನನ್ನ ಪಾಲಿಗೆ ಈ ಕಥೆಯ ನಾಯಕ ಈತ. 1905ರಲ್ಲಿ ಸ್ವೀಡನ್ನಿನಲ್ಲಿ 1,031 ಜನರಿಗೆ ಕಾಯಿಲೆ ಬಂದಾಗ ಈತ ಆಸ್ಪತ್ರೆಯಲ್ಲಿ ಕೂರದೆ ಹಳ್ಳಿಗಳಿಗೆ ಹೊರಟ. ಮನೆ ಮನೆಗೆ ಹೋಗಿ ಯಾರು ಯಾರನ್ನು ಭೇಟಿಯಾದರು, ಯಾವ ಮಗು ಯಾವ ಶಾಲೆಗೆ ಹೋಗುತ್ತೆ ಅಂತ ಕೇಳಿ ಬರೆದುಕೊಂಡ. ಟ್ರೆಸ್ಟೆನಾ ಅನ್ನುವ ಸುಮಾರು 500 ಜನರ ಸಣ್ಣ ಊರಲ್ಲಿ 49 ಜನರಿಗೆ ಸೋಂಕು. ನಕ್ಷೆ ಹಾಕಿದರೆ ಎಲ್ಲ ಗೆರೆಗಳೂ ಊರಿನ ಶಾಲೆಗೆ ಬಂದು ಸೇರುತ್ತಿದ್ದವು. ಇನ್ನೂ ಮುಖ್ಯವಾದದ್ದು, ಲಕ್ವ ಆಗದ ಮಕ್ಕಳನ್ನೂ ಆತ ಎಣಿಸಿದ. ಬರೀ ಜ್ವರ ಬಂದು ವಾಸಿಯಾದ ಅಣ್ಣ, ಹೊಟ್ಟೆ ಕೆಟ್ಟು ಸರಿಹೋದ ತಂಗಿ. ಅವರಿಗೂ ಇದೇ ಕಾಯಿಲೆ, ಅವರಿಂದಲೇ ಇದು ಹರಡುತ್ತೆ ಅಂದ.

ಇದು ಯಾಕೆ ದೊಡ್ಡ ಮಾತು ಅಂದ್ರೆ, ಲಕ್ವ ಆಗದ ಮಗು ನರವೈದ್ಯನ ಹತ್ತಿರ ಹೋಗುವುದೇ ಇಲ್ಲ. ಪ್ಯಾರಿಸ್ಸಿನ ಆ ಹಾಲ್‌ನಲ್ಲಿ ಎಷ್ಟೇ ಗಮನವಿಟ್ಟು ಕೂತರೂ ಆ ಮಗು ಕಣ್ಣಿಗೆ ಬೀಳುವ ಸಾಧ್ಯತೆಯೇ ಇರಲಿಲ್ಲ. ಶಾರ್ಕೋ ರೋಗಿಯ ಒಳಗೆ ಇಳಿದು ನೋಡಿದ. ವಿಕ್‌ಮನ್ ಒಂದು ಮನೆಗೂ ಇನ್ನೊಂದು ಮನೆಗೂ ನಡುವಿನ ದಾರಿಯನ್ನು ನೋಡಿದ.

ವಿಕ್‌ಮನ್ ಮಾತನ್ನು ತುಂಬ ಜನ ಒಪ್ಪಲಿಲ್ಲ. 1914ರಲ್ಲಿ ಗುರು ಮೆದಿನ್ ಬಿಟ್ಟ ಪ್ರೊಫೆಸರ್ ಹುದ್ದೆ ಆತನಿಗೆ ಸಿಗಲಿಲ್ಲ. ಅದೇ ವರ್ಷ, ಇನ್ನೂ ನಲವತ್ತರ ಆಸುಪಾಸಿನಲ್ಲಿದ್ದಾಗ, ಆತ ತನ್ನ ಜೀವ ತಾನೇ ಕಳೆದುಕೊಂಡ.

ಅಷ್ಟರಲ್ಲಿ ವೈರಸ್ಸು ಸಿಕ್ಕಿತ್ತು. 1908ರ ಕೊನೆಗೆ ವಿಯೆನ್ನಾದಲ್ಲಿ ಕಾರ್ಲ್ ಲ್ಯಾಂಡ್‌ಸ್ಟೈನರ್ (ರಕ್ತದ ಗುಂಪು ಕಂಡುಹಿಡಿದ ಅದೇ ಲ್ಯಾಂಡ್‌ಸ್ಟೈನರ್) ಮತ್ತು ಎರ್ವಿನ್ ಪಾಪ್ಪರ್, ಪೋಲಿಯೋದಿಂದ ತೀರಿಕೊಂಡ ಹುಡುಗನ ಬೆನ್ನುಹುರಿಯ ಸಾರವನ್ನು ಎರಡು ಕೋತಿಗಳಿಗೆ ಚುಚ್ಚಿ ಅವಕ್ಕೂ ಕಾಯಿಲೆ ಬರಿಸಿದರು. ಸೋಂಕು ಅನ್ನುವುದು ಖಚಿತವಾಯಿತು. ಇನ್ನೇನು, ಕಥೆ ಮುಗಿಯಿತು ಅನ್ನಬೇಕು. ಆದರೆ ನಿಜವಾದ ಅಡ್ಡದಾರಿ ಶುರುವಾದದ್ದೇ ಇಲ್ಲಿಂದ.

ನ್ಯೂಯಾರ್ಕಿನ ರಾಕ್‌ಫೆಲ್ಲರ್ ಸಂಸ್ಥೆಯ ಸೈಮನ್ ಫ್ಲೆಕ್ಸ್‌ನರ್ ಈ ವೈರಸ್ಸನ್ನು ಕೋತಿಯಿಂದ ಕೋತಿಗೆ, ಮೆದುಳಿನಿಂದ ಮೆದುಳಿಗೆ ದಾಟಿಸುತ್ತಾ ಹೋದ. ನರದಲ್ಲೇ ಬೆಳೆಸಿ ಬೆಳೆಸಿ ಅದು ನರದಲ್ಲಿ ಮಾತ್ರ ಬೆಳೆಯುವ ತಳಿಯಾಯಿತು. ಅವನು ಬಳಸಿದ ರೀಸಸ್ ಕೋತಿಗೆ ಬಾಯಿಂದ ಕೊಟ್ಟರೆ ಸುಲಭಕ್ಕೆ ಸೋಂಕು ತಗುಲುವುದಿಲ್ಲ, ಮೂಗಿಗೆ ಹಾಕಿದರೆ ತಗುಲುತ್ತೆ. ಅಲ್ಲಿಗೆ ತೀರ್ಮಾನ ಆಯಿತು: ಪೋಲಿಯೋ ಮೂಗಿನಿಂದ ನೇರ ಮೆದುಳಿಗೆ ಹೋಗುವ ನರದ ರೋಗ. 1912ರ ಹೊತ್ತಿಗೇ ಸ್ಟಾಕ್‌ಹೋಮ್‌ನಲ್ಲಿ ಕಾರ್ಲ್ ಕ್ಲಿಂಗ್ ಮತ್ತು ಜೊತೆಯವರು ರೋಗಿಗಳ ಕರುಳಲ್ಲಿ ವೈರಸ್ ಇದೆ ಅಂತ ತೋರಿಸಿದ್ದರು. ಯಾರೂ ಹೆಚ್ಚು ತಲೆ ಕೆಡಿಸಿಕೊಳ್ಳಲಿಲ್ಲ.

ಈ ತಪ್ಪಿಗೆ ಬೆಲೆ ಕಟ್ಟಿದ್ದು ಮಕ್ಕಳು. 1916ರಲ್ಲಿ ಅಮೆರಿಕದಲ್ಲಿ ಸುಮಾರು 27,000 ಜನರಿಗೆ ಪೋಲಿಯೋ, ಸುಮಾರು 6,000 ಸಾವು. ಲಕ್ವ ಆದ ಮಗುವಿನ ಮನೆಗೆ ಬೋರ್ಡು ಹಾಕಿ ಬೀಗ ಜಡಿದರು, ಸೋಂಕಿದ್ದೂ ಆರಾಮಾಗಿದ್ದ ಮಕ್ಕಳು ಊರೆಲ್ಲ ಓಡಾಡಿಕೊಂಡಿದ್ದರು. 1937ರಲ್ಲಿ ಟೊರಾಂಟೋದಲ್ಲಿ ಸುಮಾರು 5,000 ಮಕ್ಕಳ ಮೂಗಿನ ಮೇಲ್ಭಾಗಕ್ಕೆ, ಮೂಗಿನ ದಾರಿ ಮುಚ್ಚಲಿ ಅಂತ ಸತುವಿನ ಸಲ್ಫೇಟ್ ಸಿಂಪಡಿಸಿದರು. ಪೋಲಿಯೋ ತಡೆಯಲಿಲ್ಲ. ಕೆಲವು ಮಕ್ಕಳ ವಾಸನೆ ಗ್ರಹಿಸುವ ಶಕ್ತಿಯೇ ಹೋಯಿತು.

ಅಂದ ಹಾಗೆ, ವಾಸನೆ ಅಂದ ಮೇಲೆ ಕೋವಿಡ್ ನೆನಪಾಗದೆ ಇರುತ್ತಾ? 2020ರಲ್ಲಿ ಜನರಿಗೆ ವಾಸನೆ ಹೋದಾಗ, ಅಯ್ಯೋ ವೈರಸ್ಸು ಮೂಗಿನ ನರ ತಿಂದು ಮೆದುಳಿಗೆ ಹೊರಟಿದೆ ಅಂತ ಎಲ್ಲರೂ ಹೆದರಿದ್ದೆವು. ಆಮೇಲೆ ನೋಡಿದರೆ ವೈರಸ್ ಮುಖ್ಯವಾಗಿ ಹಿಡಿಯುವುದು ವಾಸನೆಯ ನರಕೋಶಗಳಿಗೆ ಆಸರೆಯಾಗಿ ಪಕ್ಕದಲ್ಲಿ ನಿಂತ ಬೇರೆ ಕೋಶಗಳನ್ನು. ತೊಂದರೆ ಕಾಣಿಸುವುದು ನರದಲ್ಲಿ, ವೈರಸ್ ಇರುವುದು ಪಕ್ಕದ ಮನೆಯಲ್ಲಿ. ನೂರು ವರ್ಷ ಕಳೆದರೂ ನಮ್ಮ ಮೊದಲ ಊಹೆ ಮಾತ್ರ ಬದಲಾಗಿಲ್ಲ!

ಪೋಲಿಯೋ ಕಥೆ ಸರಿದಾರಿಗೆ ಬಂದದ್ದು ನಿಧಾನಕ್ಕೆ. ಆಲ್ಬರ್ಟ್ ಸೇಬಿನ್ 1936ರಲ್ಲಿ ಇನ್ನೊಬ್ಬನ ಜೊತೆ ಸೇರಿ, ಈ ವೈರಸ್ ನರದ ಅಂಗಾಂಶದಲ್ಲಿ ಮಾತ್ರ ಬೆಳೆಯುತ್ತೆ ಅಂತ ಪ್ರಯೋಗ ಮಾಡಿ ತೋರಿಸಿದ್ದ. ಬಳಸಿದ್ದು ರಾಕ್‌ಫೆಲ್ಲರ್‌ನ ಅದೇ ಪಳಗಿದ ತಳಿ. ಅದೇ ಸೇಬಿನ್ ಆಮೇಲೆ ಪೋಲಿಯೋದಿಂದ ಸತ್ತವರ ಶವಪರೀಕ್ಷೆ ಮಾಡಿ, ಮೂಗಿನ ದಾರಿಯಲ್ಲಿ ಏನೂ ಇಲ್ಲ, ವೈರಸ್ ಇರುವುದು ಕರುಳಲ್ಲಿ ಅಂತ 1940-41ರ ಸುಮಾರಿಗೆ ತೋರಿಸಿದ. ತನ್ನ ಅಭಿಪ್ರಾಯ ಬದಲಾಯಿಸಿಕೊಳ್ಳಲು ಆತ ಹಿಂಜರಿಯಲಿಲ್ಲ. 1949ರಲ್ಲಿ ಎಂಡರ್ಸ್, ವೆಲ್ಲರ್, ರಾಬಿನ್ಸ್ ಮೂವರೂ ಸೇರಿ ನರ ಅಲ್ಲದ ಅಂಗಾಂಶದಲ್ಲಿ ವೈರಸ್ ಬೆಳೆಸಿದರು. 1954ರಲ್ಲಿ ನೊಬೆಲ್ ಬಂತು. ಇದಾದ ಮೇಲೆಯೇ ಲಸಿಕೆಗೆ ಬೇಕಾದಷ್ಟು ವೈರಸ್ ತಯಾರಿಸುವುದು ಸಾಧ್ಯವಾದದ್ದು. 1955ರಲ್ಲಿ ಸಾಲ್ಕ್ ಚುಚ್ಚುಮದ್ದು ಬಂತು. ಸೇಬಿನ್‌ನ ಬಾಯಿ ಹನಿ 1959ರಲ್ಲಿ ಸೋವಿಯತ್ ದೇಶದಲ್ಲಿ ಲಕ್ಷಾಂತರ ಮಕ್ಕಳ ಮೇಲೆ ಪರೀಕ್ಷೆಯಾಯಿತು. ಅದನ್ನು ಅಲ್ಲಿ ನಡೆಸಿದ ಚುಮಕೋವ್‌ಗೆ 1937ರಲ್ಲಿ ಉಣ್ಣೆಯಿಂದ ಹರಡುವ ಇನ್ನೊಂದು ಮೆದುಳು ಜ್ವರದ ವೈರಸ್ ತಗುಲಿ ಬಲಗೈ ಸೋತಿತ್ತು, ಕಿವಿಯೂ ಮಂದವಾಗಿತ್ತು. ಅಂಥವನು ಮಕ್ಕಳ ಕೈಕಾಲು ಉಳಿಸುವ ಕೆಲಸಕ್ಕೆ ನಿಂತ.

ಹನಿಯನ್ನು ಬಾಯಿಗೇ ಯಾಕೆ ಹಾಕುತ್ತಾರೆ ಅಂತ ಚಿಕ್ಕವನಿದ್ದಾಗ ಯೋಚಿಸಿದ್ದಿಲ್ಲ. ಸೂಜಿ ಇಲ್ಲವಲ್ಲ ಅಂತ ಖುಷಿ ಅಷ್ಟೇ. ವೈರಸ್ ಹೋಗುವ ದಾರಿಯಲ್ಲೇ ಲಸಿಕೆಯೂ ಹೋಗಿ ಕರುಳಲ್ಲಿ ಕಾವಲು ಕೂರಲಿ ಅನ್ನುವುದು ಅದರ ಹಿಂದಿನ ಲೆಕ್ಕ.

ನಡುವೆ 1952ರ ಕೋಪನ್‌ಹೇಗನ್ ಕಥೆ ಹೇಳಲೇಬೇಕು. ಆ ವರ್ಷ ಅಲ್ಲಿ ಭಾರೀ ಪೋಲಿಯೋ. ಉಸಿರಾಟ ನಿಲ್ಲುತ್ತಿದ್ದ ರೋಗಿಗಳಲ್ಲಿ ಮೊದಲ ಮೂರು ವಾರದಲ್ಲಿ ಯಂತ್ರದ ಸಹಾಯ ಕೊಟ್ಟ 31 ಜನರಲ್ಲಿ 27 ಜನ ತೀರಿಕೊಂಡರು. ವೈರಸ್ ಮೆದುಳನ್ನೇ ಮುಳುಗಿಸಿದೆ, ಇನ್ನೇನೂ ಮಾಡಲಾಗದು ಅಂತ ವೈದ್ಯರು ತಿಳಿದಿದ್ದರು. ಬ್ಯೋರ್ನ್ ಇಬ್ಸೆನ್ ಅನ್ನುವ ಅರಿವಳಿಕೆ ತಜ್ಞ ಬಂದು ನೋಡಿ, ಇವರು ಸಾಯುತ್ತಿರುವುದು ಉಸಿರು ಸಾಲದೆ ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ತುಂಬಿ ಅಂದ. 12 ವರ್ಷದ ಹುಡುಗಿಯೊಬ್ಬಳ ಗಂಟಲಿಗೆ ರಂಧ್ರ ಮಾಡಿ, ಕೊಳವೆ ಇಟ್ಟು, ರಬ್ಬರ್ ಚೀಲವನ್ನು ಕೈಯಲ್ಲಿ ಒತ್ತಿ ಉಸಿರು ಕೊಟ್ಟ. ಹುಡುಗಿ ಬದುಕಿದಳು. ಆದರೆ ನೂರಾರು ರೋಗಿಗಳಿಗೆ ಹಗಲೂ ರಾತ್ರಿ ಚೀಲ ಒತ್ತುವವರು ಯಾರು? ಸುಮಾರು 1,500 ವಿದ್ಯಾರ್ಥಿಗಳು ಬಂದರು. ಪಾಳಿ ಹಾಕಿಕೊಂಡು, ರೋಗಿಯ ಪಕ್ಕ ಕೂತು, ತಿಂಗಳುಗಟ್ಟಲೆ ಕೈಯಲ್ಲಿ ಉಸಿರು ಒತ್ತಿದರು. ಇವತ್ತಿನ ಐಸಿಯು ಹುಟ್ಟಿದ್ದು ಹೀಗೆ. ಇಲ್ಲೂ ಅದೇ ಪಾಠ. ನರದ ಮೇಲೆ ತಪ್ಪು ಹೊರಿಸಿ ಕೈಕಟ್ಟಿ ಕೂತಿದ್ದಷ್ಟು ದಿನ ಸಾವು, ಬೇರೆ ಕಡೆ ನೋಡಿದ ದಿನ ಬದುಕು.

ನಮ್ಮ ದೇಶಕ್ಕೆ ಬಂದರೆ, ಇಲ್ಲೂ ಎಲ್ಲ ಕರುಳಿನ ಕಥೆಯೇ. ಮೂರು ಸಲ ಹನಿ ಹಾಕಿದರೆ ಸಾಕು ಅಂತ ಪುಸ್ತಕ ಹೇಳುತ್ತಿತ್ತು. 1970ರ ದಶಕದಲ್ಲಿ ವೆಲ್ಲೂರಿನ ಡಾ. ಟಿ. ಜೇಕಬ್ ಜಾನ್ ಅವರು ನಮ್ಮ ಮಕ್ಕಳಿಗೆ ಮೂರು ಸಲ ಸಾಲದು ಅಂತ ತೋರಿಸಿದರು. ಬೇರೆ ಹೊಟ್ಟೆ ಸೋಂಕುಗಳಿಂದ ತುಂಬಿದ ಕರುಳಲ್ಲಿ ಲಸಿಕೆ ಸರಿಯಾಗಿ ಹತ್ತುವುದಿಲ್ಲ. ಅದಕ್ಕೇ 1995ರಿಂದ ಪಲ್ಸ್ ಪೋಲಿಯೋ ಭಾನುವಾರಗಳು, ಮತ್ತೆ ಮತ್ತೆ ಹನಿ, ಕಿರುಬೆರಳಿಗೆ ಮಸಿ. 2009ರಲ್ಲಿ ಭಾರತದಲ್ಲಿ 741 ಪೋಲಿಯೋ ಪ್ರಕರಣ ಇದ್ದವು, ಜಗತ್ತಿನಲ್ಲೇ ಹೆಚ್ಚು. 2010ರಲ್ಲಿ 42. 2011ರಲ್ಲಿ ಒಂದೇ ಒಂದು, ಜನವರಿ 13ರಂದು ಪಶ್ಚಿಮ ಬಂಗಾಳದ ಹೌರಾ ಜಿಲ್ಲೆಯಲ್ಲಿ. 2014ರ ಮಾರ್ಚ್ 27ರಂದು ನಮ್ಮ ಪ್ರದೇಶಕ್ಕೆ ಪೋಲಿಯೋ ಮುಕ್ತ ಅಂತ ಪ್ರಮಾಣಪತ್ರ ಬಂತು.

ಇದರ ಹಿಂದೆ 1997ರಿಂದ ನಡೆದ ಒಂದು ಕೆಲಸ ಇದೆ. 15 ವರ್ಷದೊಳಗಿನ ಯಾವುದೇ ಮಗುವಿನ ಕೈ ಅಥವಾ ಕಾಲು ಇದ್ದಕ್ಕಿದ್ದಂತೆ ಜೋತುಬಿದ್ದರೆ ಡಾಕ್ಟರು ತಿಳಿಸಬೇಕು. ಕೂಡಲೇ ಒಬ್ಬರು ಬಂದು ಒಂದು ದಿನದ ಅಂತರದಲ್ಲಿ ಎರಡು ಸಲ ಮಗುವಿನ ಮಲದ ಸ್ಯಾಂಪಲ್ ತೆಗೆದುಕೊಂಡು, ಐಸ್ ಡಬ್ಬಿಯಲ್ಲಿಟ್ಟು ಪ್ರಯೋಗಾಲಯಕ್ಕೆ ಕಳಿಸಬೇಕು. ಬೆಂಗಳೂರಲ್ಲೂ ಅಂಥ ಒಂದು ಪ್ರಯೋಗಾಲಯ ಇತ್ತು. ಸ್ವಲ್ಪ ಯೋಚಿಸಿ. ಕಾಲು ಸೋತಿದೆ, ಪರೀಕ್ಷೆಗೆ ಕಳಿಸುವುದು ಮಲ! ಶಾರ್ಕೋನ ಮಂಗಳವಾರದ ಪಾಠದಲ್ಲಿ ಯಾರಾದರೂ ಹೀಗೆ ಹೇಳಿದ್ದರೆ ಇಡೀ ಹಾಲ್ ನಕ್ಕಿರುತ್ತಿತ್ತು. ಆದರೆ 'ಜೋತುಬಿದ್ದ ಕಾಲು' ಅಂತ ಗುರುತಿಸುವ ಕಣ್ಣು ಕೊಟ್ಟದ್ದು ಅದೇ ಹಾಲ್. ಎಲ್ಲಿಂದ ಸ್ಯಾಂಪಲ್ ತೆಗೆಯಬೇಕು ಅಂತ ಹೇಳಿದ್ದು ಸ್ವೀಡನ್ನಿನ ಹಳ್ಳಿ ಸುತ್ತಿದ ಮನುಷ್ಯ. ಎರಡು ನೋಟವೂ ಸೇರಿದಾಗ ಮಾತ್ರ ಪೋಲಿಯೋ ಹೋಯಿತು.

ಈ ಬಲೆಗೆ ಪೋಲಿಯೋ ಬೀಳುವುದು ನಿಂತ ಮೇಲೂ ಬೇರೆ ಮಕ್ಕಳು ಬೀಳುತ್ತಲೇ ಇದ್ದಾರೆ, ಮುಖ್ಯವಾಗಿ ಗಿಯಾನ್-ಬಾರೆ ಕಾಯಿಲೆಯವರು. ಹೊಟ್ಟೆ ಕೆಟ್ಟೋ, ಜ್ವರ ಬಂದೋ ವಾಸಿಯಾದ ಒಂದೆರಡು ವಾರಕ್ಕೆ ಮೈಯ ರಕ್ಷಣಾ ವ್ಯವಸ್ಥೆಯೇ ನರದ ಮೇಲೆ ತಿರುಗಿಬೀಳುವ ಕಾಯಿಲೆ ಅದು. 1916ರಲ್ಲಿ ಅದನ್ನು ವಿವರಿಸಿದ ಗಿಯಾನ್ ಮುಂದೆ ಕೂತದ್ದು ಸಾಲ್ಪೆಟ್ರಿಯೇರ್‌ನಲ್ಲಿ, ಶಾರ್ಕೋನ ಕುರ್ಚಿಯಲ್ಲೇ.

ಪಾಕಿಸ್ತಾನ, ಅಫ್ಘಾನಿಸ್ತಾನಗಳಲ್ಲಿ 2024ರಲ್ಲೂ ಪೋಲಿಯೋ ಇತ್ತು. ಹಾಗಾಗಿ ಹನಿ ನಿಲ್ಲಿಸುವ ಹಾಗಿಲ್ಲ. ಇರಲಿ, ಅದು ಎಲ್ಲರಿಗೂ ಗೊತ್ತಿರುವ ವಿಷಯ. ನನಗೆ ಈ ಇತಿಹಾಸ ಓದುವಾಗ ಹೆಚ್ಚು ಕಾಡಿದ್ದು ಬೇರೆ.

1875ರಲ್ಲಿ ಅದೇ ಪ್ಯಾರಿಸ್ಸಿನಲ್ಲಿ ಫುಲ್‌ಜಾನ್ಸ್ ರೇಮೋ ಅನ್ನುವ ವೈದ್ಯ ಒಬ್ಬ 19ರ ಯುವಕನ ಬಗ್ಗೆ ಬರೆದ. ಚರ್ಮ ಹದ ಮಾಡುವ ಕೆಲಸದವನು. ಕೂಸಾಗಿದ್ದಾಗ ಮಕ್ಕಳ ಲಕ್ವ ಆಗಿತ್ತು. ಎಷ್ಟೋ ವರ್ಷ ಗಟ್ಟಿಯಾಗಿ ದುಡಿದ ಮೇಲೆ, ಮೊದಲು ಚೆನ್ನಾಗಿದ್ದ ಕಡೆಯೂ ಸೋಲಲು ಶುರುವಾಯಿತು. ಶಾರ್ಕೋ ಕೂಡ ಅದಕ್ಕೆ ಟಿಪ್ಪಣಿ ಬರೆದ. ಆಮೇಲೆ ಹೆಚ್ಚುಕಮ್ಮಿ ನೂರು ವರ್ಷ ಜಗತ್ತು ಇದನ್ನು ಮರೆಯಿತು. 1980ರ ದಶಕದಲ್ಲಿ ಅಮೆರಿಕದ ಹಳೆಯ ಪೋಲಿಯೋ ರೋಗಿಗಳು ಒಬ್ಬೊಬ್ಬರಾಗಿ ಸುಸ್ತು, ನೋವು, ಹೊಸ ನಿಶ್ಶಕ್ತಿ ಅಂತ ಬಂದಾಗ ಮತ್ತೆ ನೆನಪಾಯಿತು. ಈಗ ಅದಕ್ಕೆ ಪೋಸ್ಟ್-ಪೋಲಿಯೋ ಸಿಂಡ್ರೋಮ್ ಅಂತ ಹೆಸರು. ಪೋಲಿಯೋದಲ್ಲಿ ಬದುಕುಳಿದ ನರಕೋಶಗಳು ಸತ್ತವುಗಳ ಸಂಸಾರವನ್ನೂ ತಾವೇ ವಹಿಸಿಕೊಂಡು, ಹೊಸ ಕವಲು ಚಾಚಿ, ದಶಕಗಟ್ಟಲೆ ಎರಡು ಮೂರು ಪಟ್ಟು ದುಡಿಯುತ್ತವೆ. 15ರಿಂದ 40 ವರ್ಷದ ಮೇಲೆ ಅವೂ ದಣಿಯುತ್ತವೆ. ವೈರಸ್ ಆಗ ಮೈಯಲ್ಲಿ ಇಲ್ಲ. ಅದರ ಲೆಕ್ಕ ಮಾತ್ರ ಇನ್ನೂ ಚುಕ್ತಾ ಆಗಿಲ್ಲ.

ನಮ್ಮ ಊರಿನ ಆ ಜೆರಾಕ್ಸ್ ಅಂಗಡಿಯವರು, ಟೈಲರ್, ಮೇಷ್ಟ್ರು, ಎಲ್ಲರೂ ಈಗ ಅದೇ ವಯಸ್ಸಿನಲ್ಲಿದ್ದಾರೆ. ಮೆಟ್ಟಿಲು ಹತ್ತಲು ಮೊದಲಿನ ಹಾಗೆ ಆಗ್ತಿಲ್ಲ, ಊರುಗೋಲು ಹಿಡಿದು ಹಿಡಿದು ಭುಜ ಸೋತಿದೆ ಅಂತ ಅವರು ಹೇಳಿದರೆ, ವಯಸ್ಸಾಯ್ತು, ಸ್ವಲ್ಪ ಜಾಸ್ತಿ ವ್ಯಾಯಾಮ ಮಾಡಿ ಅನ್ನುವವರೇ ಹೆಚ್ಚು. ದಣಿದ ನರಕ್ಕೆ ಬೇಕಾದ್ದು ಅದರ ಉಲ್ಟಾ: ಅಳತೆಯ ಕೆಲಸ, ನಡುನಡುವೆ ವಿಶ್ರಾಂತಿ, ಹಗುರ ಕ್ಯಾಲಿಪರ್, ಬೇಕಿದ್ದರೆ ನಾಚಿಕೆ ಬಿಟ್ಟು ಗಾಲಿಕುರ್ಚಿ, ಮತ್ತೆ ಉಸಿರಾಟದ ಕಡೆ ಒಂದು ಗಮನ. ಹೊಸ ಪೋಲಿಯೋ ಬರುವುದು ನಿಂತ ಮೇಲೆ ಓದಿದ ಎಷ್ಟೋ ಯುವ ವೈದ್ಯರು ಪೋಲಿಯೋ ರೋಗಿಯನ್ನು ಕಂಡೇ ಇರಲಿಕ್ಕಿಲ್ಲ. ಪಾಠದಲ್ಲಿ ಬರದ ರೋಗಿ ಕಣ್ಣಿಗೂ ಬೀಳುವುದಿಲ್ಲ. ಶಾರ್ಕೋನ ಹಾಲ್‌ನಲ್ಲಿ ಆದದ್ದೂ ಇದೇ ಅಲ್ಲವೇ?

ಗುರು ಕಲಿಸುವಾಗ ಎಲ್ಲಿ ನೋಡಬೇಕು ಅಂತ ಕಲಿಸುತ್ತಾನೆ. ಎಲ್ಲಿ ನೋಡಬೇಕಿಲ್ಲ ಅನ್ನುವುದೂ ಅದರ ಜೊತೆಗೇ, ಅವನಿಗೂ ಗೊತ್ತಾಗದಂತೆ, ಶಿಷ್ಯರ ತಲೆಗೆ ಹೋಗುತ್ತೆ. ದೂರ ದೂರದ ದೇಶದ ಶಿಷ್ಯರಾದರೆ ಎರಡೂ ಅಷ್ಟು ದೂರ ಹೋಗುತ್ತವೆ.

ನಿಮ್ಮ ಮನೆಯಲ್ಲಿ, ಬೀದಿಯಲ್ಲಿ, ಆಫೀಸಿನಲ್ಲಿ ಪೋಲಿಯೋ ಆದವರು ಇದ್ದರೆ ಒಮ್ಮೆ ಕೇಳಿ ನೋಡಿ, ಇತ್ತೀಚೆಗೆ ಸುಸ್ತು ಜಾಸ್ತಿ ಆಗಿದೆಯಾ ಅಂತ. ಹೌದು ಅಂದರೆ ಪೋಸ್ಟ್-ಪೋಲಿಯೋ ಅನ್ನುವ ಎರಡು ಪದ ಅವರ ಕಿವಿಗೆ ಹಾಕಿ, ನರವೈದ್ಯರ ಹತ್ತಿರ ಹೋಗುವಾಗ ಅದನ್ನು ಹೇಳಲಿ. ಅಷ್ಟು ಮಾಡಿದರೆ ಇಷ್ಟುದ್ದ ಕೊರೆದದ್ದಕ್ಕೂ ಸಾರ್ಥಕ.